ಜೇನಿಗೂ ಒಂದು ಬಾಣಂತನ

ಹೆಡತಲೆ
ಗುರುವಾರ, ೧೭ ನವೆಂಬರ್ ೨೦೦೫

ಚಿ. ಸೌ. ಅರ್ಪಿತಳಿಗೆ ಅತ್ತೆ ಸರ್ವಮಂಗಳಾ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯವ್ವಾ? ಕೂಸು ಹೇಗಿದೆ? ಹಾಲು ಸಾಕಾಗುತ್ತಿದೆಯೇ, ರಾತ್ರಿ ನಿದ್ದೆ ಮಾಡಲು ಬಿಡುತ್ತಾಳೆಯೇ, ನಿನ್ನ ಸೊಂಟದ ನೋವು ಇಳಿಯಿತೇ, ಎಲ್ಲವನ್ನೂ ಬರೆ. ನರಸೀಪುರ ಎರಡು ಹೊಳೆ ಕೂಡುವ ಜಾಗ, ಬೆಳಗಿನ ಗಾಳಿಗೆ ಚಳಿ ಹೆಚ್ಚು. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹಿತ್ತಿಲಿಗೆ ಕಾಲಿಡಬೇಡ. ನಿಮ್ಮ ತಾಯಿಗೆ ನಾನು ಹೇಳಿಕೊಡಬೇಕಾದ್ದೇನೂ ಇಲ್ಲ, ಆದರೂ ಅತ್ತೆ ಅನ್ನಿಸಿಕೊಂಡ ಮೇಲೆ ಒಂದೆರಡು ಮಾತು ಹೆಚ್ಚಿಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೋದ ಸಲ ಕಳಿಸಿದ ಬಾಣಂತಿ ಖಾರ ಮುಗಿದಿದ್ದರೆ ಹೇಳಿ ಕಳಿಸು, ಮತ್ತೆ ಕುಟ್ಟುತ್ತೇನೆ. ಮಗುವಿಗೆ ಗಾನವಿ ಅಂತ ಹೆಸರಿಡಬೇಕೆಂದು ನೀನು ಅಂದದ್ದು ಇಲ್ಲಿಗೂ ಮುಟ್ಟಿದೆ. ನಿಮ್ಮ ಮಾವನಿಗೆ ತಮ್ಮ ತಾಯಿಯ ಹೆಸರೇ ಆಗಬೇಕಂತೆ. ನಾನು ಗಾನವಿಯ ಪಕ್ಷ. ಆ ತಾಯಿಯ ಕೈಕೆಳಗೆ ಇಷ್ಟು ವರ್ಷ ಬಾಳಿದವಳು ನಾನು, ಆ ಹೆಸರು ಹಿಡಿದು ಕೂಸನ್ನು ಮುದ್ದು ಮಾಡು ಅಂದರೆ ನನ್ನ ಕೈಲಾಗದು.

ಇನ್ನು ಇಲ್ಲಿಯ ಕ್ಷೇಮ. ನಾನಂತೂ ಚೆನ್ನಾಗಿದ್ದೇನೆ. ನಿಮ್ಮ ಮಾವ, ಪ್ರಸಾದ ಇಬ್ಬರೂ ಮುಖ ಗಂಟಿಕ್ಕಿಕೊಂಡು ಕ್ಷೇಮವಾಗಿದ್ದಾರೆ. ಫೋನಿನಲ್ಲಿ ಹೇಳದೆ ಕಾಗದ ಬರೆಯುವುದಕ್ಕೆ ಕಾರಣ ಇಷ್ಟೇ: ಫೋನು ಇರುವುದು ಜಗಲಿಯ ಕಿಟಕಿಯಲ್ಲಿ, ಆ ಕಿಟಕಿಗೆ ಬೆನ್ನು ಕೊಟ್ಟು ಕೂರುವುದು ನಿಮ್ಮ ಮಾವ. ಪ್ರಸಾದ ನಿನ್ನೊಡನೆ ಮಾತಾಡಿದಾಗಲೆಲ್ಲ ಪೆಟ್ಟಿಗೆಗಳು ಚೆನ್ನಾಗಿವೆ, ಜೇನು ಓಡಾಡಿಕೊಂಡಿವೆ ಎಂದು ಹೇಳುತ್ತ ಬಂದಿದ್ದಾನೆ. ಅದು ಸುಳ್ಳು. ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು, ಹಾಲು ಬತ್ತುತ್ತದೆ ಎಂದು ಅಪ್ಪ ಮಗ ಕೂಡಿ ತೀರ್ಮಾನ ಮಾಡಿದರು. ನಾನೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಮುಚ್ಚಿಕೊಳ್ಳುವ ಹಾಗಿಲ್ಲ. ಬರುವ ಮಂಗಳವಾರ ಹುಲ್ಲಹಳ್ಳಿಯ ವ್ಯಾಪಾರಿ ಚಿಕ್ಕಸ್ವಾಮಿ ಬಂದು ನಿನ್ನ ಜೇನುಪೆಟ್ಟಿಗೆಗಳನ್ನೆಲ್ಲ ಹೇರಿಕೊಂಡು ಹೋಗುತ್ತಾನೆಂದು ಗೊತ್ತುಮಾಡಿದ್ದಾರೆ. ನಿನ್ನನ್ನು ಕೇಳಿಲ್ಲ. ನನ್ನನ್ನೂ ಕೇಳಿಲ್ಲ. ನಡೆದದ್ದನ್ನು ಮೊದಲಿಂದ ಹೇಳುತ್ತೇನೆ, ಕೂಸು ಮಲಗಿರುವಾಗ ಸಮಾಧಾನವಾಗಿ ಓದು.

ನೀನು ತವರಿಗೆ ಹೋದಾಗ ಬಾಳೆತೋಟದ ಕೊನೆಯಲ್ಲಿ ಹನ್ನೆರಡು ಪೆಟ್ಟಿಗೆಯೂ ನೀನು ಇಟ್ಟಂತೆಯೇ ಇದ್ದವು. ಗೌರಿಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಪೆಟ್ಟಿಗೆಯ ಮುಂದೆ ಎಳೆಯ ಜೇನುಗಳು ಹಾರಲಾರದೆ ನೆಲದ ಮೇಲೆ ತೆವಳುತ್ತಿವೆ. ರೆಕ್ಕೆಗಳೆಲ್ಲ ಮುರುಟಿಹೋಗಿದ್ದವು. ಒಂದನ್ನು ಅಂಗೈಗೆ ತೆಗೆದುಕೊಂಡು ನೋಡಿದರೆ ಬೆನ್ನಿಗೆ ಕೆಂಪಗಿನ ಚಪ್ಪಟೆ ಹುಳವೊಂದು ಕಚ್ಚಿಕೊಂಡಿತ್ತು. ಪ್ರಸಾದನನ್ನು ಕೂಗಿ ಕರೆದು ತೋರಿಸಿದೆ. ನೋಡಿದವನೇ "ಇದು ಉಣ್ಣೆ ಕಣವ್ವ" ಅಂದ. ನಿಜವಾಗಿಯೂ ಹಾಗೇ ಕಾಣುತ್ತಿತ್ತು. ದನದ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಕೂತು ರಕ್ತ ಹೀರುವ ಉಣ್ಣೆಯನ್ನು ಹುಟ್ಟಿದಾಗಿನಿಂದ ಕಿತ್ತವರು ನಾವು, ನಮ್ಮ ಕಣ್ಣಿಗೆ ಅದಲ್ಲದೆ ಇನ್ನೇನು ಕಂಡೀತು? ಹೆಸರು ಸಿಕ್ಕಿದ ಮೇಲೆ ಔಷಧಿ ಹುಡುಕುವ ಕೆಲಸವೂ ಇರಲಿಲ್ಲ. ದನದ ಉಣ್ಣೆಗೆ ಹಾಕುವ ಔಷಧಿಯ ಬಾಟಲಿ ಕೊಟ್ಟಿಗೆಯ ಗೂಡಿನಲ್ಲೇ ಇತ್ತು. ಹಸುವಿಗೆ ಹಾಕುವುದಕ್ಕಿಂತ ಕಡಿಮೆಯೇ ಹಾಕುತ್ತಿದ್ದೇನೆ ಎಂದು ಹೇಳಿಕೊಂಡು, ನೀರಿಗೆ ಬೆರೆಸಿ, ಎರಡು ಪೆಟ್ಟಿಗೆಯೊಳಕ್ಕೆ ಚಿಮುಕಿಸಿದ. ಉಣ್ಣೆಯೂ ಹುಳ, ಜೇನೂ ಹುಳ, ಒಂದನ್ನು ಕೊಲ್ಲುವುದು ಇನ್ನೊಂದನ್ನು ಸುಮ್ಮನೆ ಬಿಡುತ್ತದೆಯೇ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಆ ಎರಡು ಪೆಟ್ಟಿಗೆಯ ಮುಂದೆ ಮೊರದಲ್ಲಿ ಬಾಚುವಷ್ಟು ಜೇನು ಸತ್ತು ಬಿದ್ದಿದ್ದವು. ಪ್ರಸಾದ ಅಲ್ಲೇ ಬಾಳೆಯ ಬುಡದಲ್ಲಿ ಕುಕ್ಕರಿಸಿ ಕೂತುಬಿಟ್ಟ. ಆಮೇಲೆ ಗುಂಡಿ ತೋಡಿ, ಸತ್ತದ್ದನ್ನೆಲ್ಲ ತಾನೇ ಬಾಚಿ ಹಾಕಿ ಮಣ್ಣು ಮುಚ್ಚಿದ. ಅವನಿಗೆ ಸಿಟ್ಟು ಬಂದದ್ದು ತನ್ನ ಮೇಲೆ, ಅದನ್ನು ತಿರುಗಿಸಿದ್ದು ಪೆಟ್ಟಿಗೆಗಳ ಮೇಲೆ. ಆವತ್ತಿನಿಂದ ಜೇನಿನ ಮಾತೆತ್ತಿದರೆ ಸಾಕು, ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ.

ಹಾಗಂತ ಉಳಿದ ಹತ್ತನ್ನು ನಾನು ನೋಡುತ್ತ ಕೂರಲು ಆಗುತ್ತದೆಯೇ? ನಿನಗೆ ಜೇನು ಸಾಕುವುದನ್ನು ಕಲಿಸಿದನಲ್ಲ, ಬದನವಾಳಿನ ಮಹದೇವ, ಅವನಿಗೆ ಹೇಳಿ ಕಳಿಸಿದೆ. ಅವನು ಊರಿನಲ್ಲಿರಲಿಲ್ಲ, ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಹೊಲದಲ್ಲಿ ಪೆಟ್ಟಿಗೆ ಇಟ್ಟುಕೊಂಡಿದ್ದನಂತೆ. ನಿನಗೆ ಹೆರಿಗೆಯಾದ ವಾರದಲ್ಲಿ ಬಂದ. ಮರಿ ಬೆಳೆಯುವ ಎರಿಯನ್ನು ಎತ್ತಿ, ಮೇಣ ಮುಚ್ಚಿದ ಕಣಗಳನ್ನು ಸೂಜಿಯಿಂದ ಬಿಚ್ಚಿ, ಒಳಗಿನ ಬಿಳಿ ಮರಿಗಳ ಮೇಲೂ ಅದೇ ಕೆಂಪು ಹುಳ ಕೂತಿರುವುದನ್ನು ತೋರಿಸಿದ. ಇದು ಉಣ್ಣೆಯಲ್ಲ, ಉಣ್ಣೆಯ ದಾಯಾದಿ, ನುಸಿ ಅಂತ. ಕೆಲವು ವರ್ಷದ ಹಿಂದೆ ತೆಂಗಿನಕಾಯಿಯ ತೊಟ್ಟಿನೊಳಗೆ ಸೇರಿ ಕಾಯಿ ಸುರುಟಿಸಿತಲ್ಲ, ಅದೂ ಒಂದು ಜಾತಿಯ ನುಸಿ, ಇದೂ ಒಂದು ಜಾತಿಯದು ಎಂದ. ಪೇಟೆಯಲ್ಲಿ ಇದಕ್ಕೆ ಬೇರೆ ಔಷಧಿ ಉಂಟು, ಆದರೆ ಮೇಣದಲ್ಲಿ ಉಳಿದುಕೊಳ್ಳುತ್ತದೆ, ಹೊರದೇಶದ ಕೆಲವರು ಗಿಡದ ಎಣ್ಣೆಯಿಂದ ತೆಗೆದ ಹರಳು ಇಡುತ್ತಾರೆ ಎಂದು ಹೇಳಿ, ಆ ಹರಳಿನ ಹೆಸರು ನೆನಪಾಗದೆ ತಲೆ ಕೆರೆದುಕೊಂಡ. "ಓಮದ್ ನೀರಿನ್ ವಾಸ್ನೆ ಬತ್ತದೆ ಕಣಮ್ಮ, ಮೂಗಿಗೆ ಗಾಟು ಒಡೀತದೆ" ಅಂದ. ನನಗೆ ನಗು ತಡೆಯಲಾಗಲಿಲ್ಲ. ನಿನಗೆ ಕಳಿಸಲೆಂದು ಆಗ ತಾನೇ ಓಮ ಹುರಿದು ಎದ್ದು ಬಂದಿದ್ದೆ, ನನ್ನ ಸೆರಗೇ ಆ ವಾಸನೆ ಹೊಡೆಯುತ್ತಿತ್ತು. ಓಮದ ಎಣ್ಣೆ ಹರಳುಗಟ್ಟಿದರೆ ಅದಕ್ಕೆ ಓಮದ ಹೂವು ಅನ್ನುತ್ತಾರೆ, ನಂಜನಗೂಡಿನ ಗ್ರಂಧಿಗೆ ಅಂಗಡಿಯಲ್ಲಿ ಹೊಟ್ಟೆನೋವಿಗೆಂದು ಪೊಟ್ಟಣ ಕಟ್ಟಿ ಕೊಡುತ್ತಾರೆ ಎಂದೆ. ಅವನು ಮನೆಗೆ ಹೋಗಿ ಪುಸ್ತಕ ತೆರೆದು ನೋಡಿ, ಎರಡೂ ಒಂದೇ ಎಂದು ಮರುದಿನ ಬಂದು ಹೇಳಿದ. ಪರದೇಶದ ಜೇನಿಗೂ ನಮ್ಮ ಬಾಣಂತಿ ಔಷಧಿಯೇ ಆಗಬೇಕೆಂದು ಇಬ್ಬರೂ ನಕ್ಕೆವು.

ಆದರೆ ಅದು ಸಲೀಸಾಗಿ ಆಯಿತೆಂದು ತಿಳಿಯಬೇಡ. ಅಂಗಡಿಗೆ ಹೋಗುವ ಪುರಸೊತ್ತಿಲ್ಲದೆ ಮೊದಲು ಓಮದ ಕಾಳನ್ನೇ ಹಿಡಿದೆ. ಬಾಣಂತಿ ಕೋಣೆಗೆ ಹಾಕುವ ಹಾಗೆ ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ ಹಾಕಿ ಹೊಗೆ ಕೊಟ್ಟೆ. ಕೆಮ್ಮಿದ್ದು ನಾನು, ನುಸಿಗೆ ಏನೂ ಆಗಲಿಲ್ಲ. ಆಮೇಲೆ ಮನೆಯಲ್ಲಿ ನೆಗಡಿಗೆ ಇಟ್ಟಿದ್ದ ನೀಲಗಿರಿ ಎಣ್ಣೆ ನೆನಪಾಯಿತು. ಒಂದು ಬಟ್ಟೆಗೆ ಧಾರಾಳವಾಗಿ ಸುರಿದು ಒಂದು ಪೆಟ್ಟಿಗೆಯೊಳಗೆ ಇಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಒಳಗಿದ್ದ ಜೇನು ಪೂರ್ತಿ ಹೊರಗೆ ಬಂದು ಬಾಗಿಲಿಗೆ ಗಡ್ಡ ಬಿಟ್ಟ ಹಾಗೆ ಜೋತುಬಿದ್ದವು. ಎಲ್ಲಿ ಎದ್ದು ಹೋಗಿಬಿಡುತ್ತವೋ ಎಂದು ಜೀವ ಬಾಯಿಗೆ ಬಂತು. ಆ ಬಟ್ಟೆಯನ್ನು ಕಿತ್ತು ಎಸೆಯುವಷ್ಟರಲ್ಲಿ ತುಟಿಗೊಂದು ಹುಬ್ಬಿಗೊಂದು ಕಚ್ಚಿದವು. ಮಧ್ಯಾಹ್ನ ಊಟಕ್ಕೆ ಬಡಿಸುವಾಗ ನಿಮ್ಮ ಮಾವ ನನ್ನ ಮುಖ ನೋಡಿ, ಇದ್ಯಾರ ಮನೆಯ ಹೆಂಗಸು ಅಂತ ಕೇಳಿ ನಕ್ಕರು. ಆ ಮನುಷ್ಯ ನಕ್ಕು ಎಷ್ಟು ಕಾಲವಾಗಿತ್ತೋ, ಅದಕ್ಕಾದರೂ ಕಚ್ಚಿಸಿಕೊಂಡದ್ದು ಸಾರ್ಥಕ. ಸಂಜೆಗೆ ಜೇನು ಒಳಗೆ ಹೋದವು. ಮಾರನೆಯ ದಿನ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿ ಓಮದ ಹೂವೇ ತಂದೆ.

ಈ ಸಲ ಮಹದೇವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿದೆ. ಅವನು ಪುಸ್ತಕದ ಅಳತೆ ಹೇಳಿದ, ನಮ್ಮ ಬಿಸಿಲಿಗೆ ಅದು ಹೆಚ್ಚಾಯಿತೆಂದು ನಾನು ಜಗಳ ತೆಗೆದೆ. ಬಾಣಂತಿಗೆ ಖಾರ ಹೆಚ್ಚಾದರೆ ಕೂಸಿಗೆ ಭೇದಿ ಆಗುವುದಿಲ್ಲವೇ, ಇದೂ ಹಾಗೇ. ಕೊನೆಗೆ ಅರ್ಧಕ್ಕೆ ಇಳಿಸಿದೆವು. ಹಳೆಯ ಮಲ್ಲು ಪಂಚೆಯ ತುಂಡಿನಲ್ಲಿ ಸಣ್ಣ ಗಂಟು ಕಟ್ಟಿ, ಬಿಸಿಲು ಇಳಿದ ಮೇಲೆ ಎರಿಗಳ ನೆತ್ತಿಯ ಮೇಲಿಟ್ಟು ಮುಚ್ಚಿದೆವು. ಪೆಟ್ಟಿಗೆಯ ತಳಕ್ಕೆ ಬಿಳಿಯ ಕಾಗದ ಹಾಸಿ ಹರಳೆಣ್ಣೆ ಸವರುವ ಉಪಾಯ ಮಹದೇವನದು, ಬಿದ್ದ ನುಸಿ ಅದಕ್ಕೆ ಅಂಟಿಕೊಂಡು ಮತ್ತೆ ಮೇಲಕ್ಕೆ ಹತ್ತುವುದಿಲ್ಲ. ಒಂದೆರಡು ದಿನ ಬಿಟ್ಟು ಕಾಗದ ಎಳೆದು ನೋಡುತ್ತೇನೆ, ರಾಗಿ ಚೆಲ್ಲಿದ ಹಾಗೆ ನುಸಿ ಬಿದ್ದಿದೆ! ಒಂದು ಜೇನೂ ಸತ್ತಿರಲಿಲ್ಲ. ನನಗಾದ ಸಂತೋಷ ಹೇಳತೀರದು ಅರ್ಪಿತಾ, ಆ ಕಾಗದ ಹಿಡಿದುಕೊಂಡು ತೋಟದಿಂದ ಮನೆಯವರೆಗೆ ಹುಡುಗಿಯ ಹಾಗೆ ಓಡಿ ಬಂದೆ. ತೋರಿಸೋಣವೆಂದರೆ ಮನೆಯಲ್ಲಿ ಒಬ್ಬರೂ ನೋಡಲು ತಯಾರಿರಲಿಲ್ಲ. ಮುಚ್ಚಿದ ಕಣದೊಳಗಿನ ನುಸಿಗೆ ಈ ಗಾಟು ತಟ್ಟುವುದಿಲ್ಲ, ಮರಿ ಹೊರಗೆ ಬಂದಾಗಲೇ ಅದನ್ನು ಹಿಡಿಯಬೇಕು, ಅದಕ್ಕೆ ಹತ್ತು ಪೆಟ್ಟಿಗೆಗೂ ವಾರ ವಾರ ಗಂಟು ಬದಲಾಯಿಸುತ್ತ ಬಂದೆ. ಈಗ ಹುಟ್ಟುತ್ತಿರುವ ಜೇನುಗಳಿಗೆ ರೆಕ್ಕೆ ಸರಿಯಾಗಿದೆ. ನುಸಿ ಪೂರ್ತಿ ಹೋಗಿಲ್ಲ, ಪೂರ್ತಿ ಹೋಗುವುದೂ ಇಲ್ಲವಂತೆ, ಕಣ್ಣಿಟ್ಟು ನೋಡುತ್ತಲೇ ಇರಬೇಕು. ಇನ್ನೊಂದು ಸುತ್ತು ಬಾಕಿ ಇದೆ.

ಇಷ್ಟರಲ್ಲಿ ನಿಮ್ಮ ಮಾವ ಊರ ಮುಂದೆ ಒಂದು ಮಾತು ಕೊಟ್ಟುಬಿಟ್ಟಿದ್ದರು. ಬರುವ ಕಾರ್ತಿಕ ಸೋಮವಾರ ನಂಜುಂಡೇಶ್ವರನ ಅಭಿಷೇಕಕ್ಕೆ ನಮ್ಮೂರಿನವರು ಹೋಗುತ್ತಾರೆ, ಜೇನುತುಪ್ಪ ನಮ್ಮ ಮನೆಯಿಂದ, ಈ ಸಿದ್ದಮಲ್ಲಪ್ಪನ ಮನೆಯಿಂದ ಎಂದು. ಹೋದ ಭಾನುವಾರ ತೊಳೆದ ಕೊಡ, ಚಾಕು, ಜೊತೆಗೆ ಪ್ರಸಾದನನ್ನೂ ಕರೆದುಕೊಂಡು ತೋಟಕ್ಕೆ ಬಂದರು. ನಾನು ಪೆಟ್ಟಿಗೆಗೆ ಅಡ್ಡ ನಿಂತೆ. ಒಳಗೆ ಇನ್ನೂ ಓಮದ ಹೂವಿದೆ, ತುಪ್ಪಕ್ಕೆ ಗಾಟು ಹತ್ತಿರುತ್ತದೆ, ಈ ಸುತ್ತಿನದನ್ನು ಯಾರೂ ತಿನ್ನಬಾರದು, ಅದು ಜೇನಿಗೇ ಇರಲಿ, ದೇವರಿಗೆ ಅಂಗಡಿಯಿಂದ ತಂದರಾಯಿತು ಎಂದು ಮೆತ್ತಗೇ ಹೇಳಿದೆ. ಮನೆಯಲ್ಲಿ ಜೇನು ಸಾಕಿ ಅಂಗಡಿ ತುಪ್ಪ ಹಿಡಿದು ಹೋದರೆ ಊರು ಏನಂದೀತು ಎಂದು ಅವರಿಗೆ ಅವಮಾನವಾಯಿತು. "ದೇವ್ರಿಗಿಲ್ದ ಜೇನು ನಮ್ಮನೇಲ್ಯಾಕಿರ್ಬೇಕು? ಸಾಗಾಕಿ ಅತ್ಲಾಗೆ" ಅಂದರು. ನನಗೂ ಎಲ್ಲಿತ್ತೋ ಸಿಟ್ಟು. "ನಂಜು ಉಂಡೋನ್ಗೆ ಓಮದ ವಾಸ್ನೆ ಎಚ್ಚಲ್ಲ ಕಣ್ರೀ. ತೀರ್ಥ ಕುಡ್ಯೋ ಮಕ್ಕಳ ಒಟ್ಟೆ ಯೋಚ್ನೆ ನಂಗೆ" ಅಂದೆ. ಪ್ರಸಾದ ಮುಖ ಆ ಕಡೆ ತಿರುಗಿಸಿಕೊಂಡ, ನಗು ಬಂತೋ ನಾಚಿಕೆಯಾಯಿತೋ ಗೊತ್ತಿಲ್ಲ. ನಿಮ್ಮ ಮಾವ ಕೊಡವನ್ನು ಅಲ್ಲೇ ಬಿಟ್ಟು ಹೋದರು. ಅದನ್ನು ನಾನೇ ಹೊತ್ತು ತಂದೆ.

ಆವತ್ತೇ ಸಂಜೆ ಚಿಕ್ಕಸ್ವಾಮಿಗೆ ಫೋನು ಹೋಯಿತು. ಆದರೆ ಕೇಳಿದರೆ ಕಾರಣ ಬದಲಾಗಿತ್ತು. ದೇವರ ಮಾತೂ ಇಲ್ಲ, ಸತ್ತ ಜೇನಿನ ಮಾತೂ ಇಲ್ಲ. ಪ್ರಸಾದ ಬಂದು ನೆಲ ನೋಡಿಕೊಂಡು "ಕೂಸು ಬರೋ ಮನೆ ಕಣವ್ವ, ಕಚ್ಬುಟ್ರೆ ಯಾರು ಒಣೆ?" ಅಂದ. ತೋಟದ ಕೊನೆಯಲ್ಲಿರುವ ಜೇನು ತೊಟ್ಟಿಲಲ್ಲಿರುವ ಕೂಸನ್ನು ಹುಡುಕಿಕೊಂಡು ಬರುತ್ತದೆಯೇನೋ ಎಂದು ಕೇಳಿದೆ.

ಈ ಮಾತನ್ನು ನಾನು ಇದೇ ಮೊದಲು ಕೇಳುತ್ತಿರುವುದಲ್ಲ. ಮದುವೆಗೆ ಮುಂಚೆ ನಾನು ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದೆ, ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಏನೆಂದರೆ, ಈ ಮನೆಗೆ ಬರುವಾಗ ನನ್ನ ರಾಟೆಯನ್ನೂ ತಂದಿದ್ದೆ. ನೂತು ನೂತು ಅದರ ಹಿಡಿ ನನ್ನ ಕೈಗೆ ಹೊಂದಿಕೊಂಡಿತ್ತು. ಕೆಲಸವೆಲ್ಲ ಮುಗಿದ ಮೇಲೆ ಅದರ ಮುಂದೆ ಕೂತರೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ ಅನ್ನಿಸುತ್ತಿತ್ತು. ಪ್ರಸಾದನನ್ನು ಹೆತ್ತು, ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಬಂದು ನೋಡಿದರೆ ಆ ಜಾಗದಲ್ಲಿ ಭತ್ತದ ಮೂಟೆ ಇತ್ತು. ಕೂಸಿನ ಕೈಗೆ ರಾಟೆಯ ಕದಿರು ಚುಚ್ಚುತ್ತದೆ, ಅದಕ್ಕೆ ಕೊಟ್ಟುಬಿಟ್ಟೆವು ಎಂದು ನನ್ನ ಅತ್ತೆ ಹೇಳಿದರು. ನಿಮ್ಮ ಮಾವ ಕಂಬಕ್ಕೆ ಒರಗಿ ಕೂತು ಕೇಳಿಸಿಕೊಂಡರು. ಅದು ಯಾರ ಮನೆ ಸೇರಿತು ಎಂದು ಇವತ್ತಿಗೂ ನನಗೆ ಯಾರೂ ಹೇಳಿಲ್ಲ. ಹೆಂಗಸು ಹೆರಲು ಹೋದಾಗ ಮನೆಯಲ್ಲಿ ಅವಳದು ಅನ್ನುವುದನ್ನೆಲ್ಲ ಎತ್ತಿಹಾಕುವುದು, ಬಂದು ಕೇಳಿದರೆ ಕೂಸಿನ ಹೆಸರು ಹೇಳುವುದು. ಪಾಪದ ಕೂಸು, ಅದು ಯಾವಾಗ ಕೇಳಿತ್ತು? ನನಗಾದದ್ದು ನಿನಗೆ ಆಗಲು ನಾನು ಬಿಡುವುದಿಲ್ಲ. ಈ ಮನೆಯಲ್ಲಿ ಎರಡನೆಯ ಸಲವೂ ಅದೇ ನಡೆದರೆ ನಾನು ಅತ್ತೆಯಾಗಿದ್ದೂ ದಂಡ. ಇದನ್ನು ನಿನ್ನೆ ನಿಮ್ಮ ಮಾವನಿಗೆ ನೇರವಾಗಿಯೇ ಹೇಳಿದೆ. ರಾಟೆಯ ಮಾತು ಬಂದಾಗ ಅವರು ಎಲೆಯಡಿಕೆ ಚೀಲ ತಡಕಾಡಿದರು. ಮಂಗಳವಾರದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅದಕ್ಕೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಪಕ್ಕದ ತೋಟಕ್ಕೆ ಸಾಗಿಸಿದರೆ ಜೇನು ಹಳೆಯ ಜಾಗಕ್ಕೇ ವಾಪಸಾಗುತ್ತವೆ, ಒಯ್ದರೆ ದೂರ ಒಯ್ಯಬೇಕು ಎಂದು ನೀನೇ ಹೇಳಿಕೊಟ್ಟಿದ್ದೆ. ನಿಮ್ಮ ತಂದೆಯವರ ತೋಟಕ್ಕಿಂತ ದೂರದ, ನಂಬಿಕೆಯ ಜಾಗ ನನಗೆ ಗೊತ್ತಿಲ್ಲ. ಭಾನುವಾರ ಹೊತ್ತು ಮುಳುಗಿ ಜೇನೆಲ್ಲ ಒಳಸೇರಿದ ಮೇಲೆ ಬಾಗಿಲುಗಳಿಗೆ ಜಾಲರಿ ಬಡಿದು, ಮಹದೇವ ಗೊತ್ತುಮಾಡಿದ ಟೆಂಪೋದಲ್ಲಿ ಹತ್ತೂ ಪೆಟ್ಟಿಗೆಯನ್ನು ನರಸೀಪುರಕ್ಕೆ ತರುತ್ತೇವೆ. ನಿಮ್ಮ ತಂದೆಯವರಿಗೆ ಹೇಳಿ ಕಾಲುವೆ ಏರಿಯ ಹೊಂಗೆಮರದ ನೆರಳಿನಲ್ಲಿ ನೆಲ ಮಟ್ಟಮಾಡಿಸು, ಬಾಗಿಲು ಮೂಡಲಿಗೆ ಬರಲಿ. ಕದ್ದು ಸಾಗಿಸುತ್ತಿದ್ದೇನೆಂದು ತಿಳಿಯಬೇಡ. ನಿನ್ನೆಯೇ ಅವರಿಬ್ಬರಿಗೂ ಹೇಳಿದ್ದೇನೆ, ಟೆಂಪೋ ಜಗಲಿಯ ಮುಂದೆಯೇ ನಿಲ್ಲುತ್ತದೆ, ತಡೆಯುವವರು ತಡೆಯಲಿ. ಪ್ರಸಾದನನ್ನು ಸತ್ತ ಜೇನಿಗಾಗಿ ಬೈಯಬೇಡ, ಅದಕ್ಕೆ ಅವನೇ ಸಾಕಷ್ಟು ನೊಂದಿದ್ದಾನೆ. ಮಾರಲು ಒಪ್ಪಿದ್ದಕ್ಕೆ ಎಷ್ಟು ಬೇಕಾದರೂ ಬೈಯಿ, ನಾನು ಅಡ್ಡ ಬರುವುದಿಲ್ಲ.

ಈ ಕಾಗದವನ್ನು ನಾಳೆ ಆ ಕಡೆಗೇ ಹೋಗುತ್ತಿರುವ ಮಹದೇವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ನಿಮ್ಮ ತಂದೆ ತಾಯಿಗೆ ನನ್ನ ಶರಣು ತಿಳಿಸು. ಕೂಸಿನ ಎರಡೂ ಪಾದಕ್ಕೆ ನನ್ನ ಮುತ್ತು. ನಿನಗೆ ಎದೆತುಂಬ ಹಾಲು, ಕಣ್ತುಂಬ ನಿದ್ದೆ, ಮನಸ್ಸಿಗೆ ಗಟ್ಟಿತನ ಕೊಡಲೆಂದು ಆ ನಂಜುಂಡನನ್ನೇ ಬೇಡುತ್ತೇನೆ. ನನ್ನ ಮೇಲೆ ಅವನಿಗೇನೂ ಸಿಟ್ಟಿರಲಾರದು.

ನಿನ್ನ ಅತ್ತೆ,
ಸರ್ವಮಂಗಳಾ

ತಾ.ಕ.: ಶುಕ್ರವಾರ ಬೆಳಿಗ್ಗೆ. ಮಹದೇವ ಗಾಡಿ ಆರಿಸದೆ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಪೆಟ್ಟಿಗೆಗಳ ಜೊತೆ ನಾನೂ ಬರುತ್ತಿದ್ದೇನೆ. ಇನ್ನೊಂದು ಸುತ್ತು ಓಮದ ಹೂವು ಇಡಬೇಕು, ಹಸಿ ಬಾಣಂತಿ ನೀನು ಆ ಕೆಲಸಕ್ಕೆ ಕೈ ಹಾಕಬಾರದು. ಬೀಗರ ಮನೆಯಲ್ಲಿ ಹೋಗಿ ಕೂತಳು ಎಂದು ಊರು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ನಿಮ್ಮ ತಾಯಿಗೆ ಹೇಳು, ನನಗೆ ಮೂಲೆಯಲ್ಲಿ ಒಂದು ಚಾಪೆ ಸಾಕು. ಇಲ್ಲಿ ಇಬ್ಬರೂ ಅನ್ನ ಬೇಯಿಸಿಕೊಳ್ಳುವುದನ್ನು ಕಲಿಯುವಷ್ಟರಲ್ಲಿ ಪ್ರಸಾದ ನಮ್ಮನ್ನು ಕರೆಯಲು ಬಂದೇ ಬರುತ್ತಾನೆ. ಆಗ ನೀನು ಮೆತ್ತಗಾಗಬೇಡ. ಕೂಸು, ನೀನು, ನಾನು, ಹತ್ತು ಪೆಟ್ಟಿಗೆ, ಎಲ್ಲ ಒಂದೇ ಟೆಂಪೋದಲ್ಲಿ ಹೆಡತಲೆಗೆ ಬರುತ್ತೇವೆ ಅನ್ನು. ಒಂದು ಪೆಟ್ಟಿಗೆಗೆ ಜಾಗವಿಲ್ಲ ಅಂದರೂ ಅವನ ಟೆಂಪೋ ಖಾಲಿಯೇ ವಾಪಸ್ ಹೋಗಲಿ.